ಅತ್ತೆಯ ಮುಖವಿದ್ದ ಪ್ಯಾಕೆಟ್ಟು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಿಂದ ಹೊರಬಿದ್ದು ಎಡಕ್ಕೆ ಬಂದರೆ ಮೊದಲು ಮೊಬೈಲ್ ರಿಪೇರಿ, ಆಮೇಲೆ ಗೊಬ್ಬರದ ಅಂಗಡಿ, ಅದಕ್ಕೆ ಅಂಟಿಕೊಂಡದ್ದು ನನ್ನದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಲೆಗಳು. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಚ್ಚೆಳ್ಳು ಪುಡಿ ಮಾಡಿ ಮಾರುತ್ತೇನೆ. ಹೊಸದುರ್ಗದಲ್ಲಿ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಇದನ್ನೇ ಮಾಡಿ ಮಾರುತ್ತಾಳೆ. ಇಬ್ಬರಿಗೂ ರೊಟ್ಟಿ ತಟ್ಟುವುದನ್ನು ಕಲಿಸಿದವರು ಒಬ್ಬರೇ ಅತ್ತೆ. ಅತ್ತೆ ಇರುವುದು ನನ್ನ ಮನೆಯಲ್ಲಿ. ಅತ್ತೆಯ ಮುಖ ಇರುವುದು ಅವಳ ಪ್ಯಾಕೆಟ್ಟಿನ ಮೇಲೆ.

ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವಳು ಚೆನ್ನಾಗಿರಲಿ, ಅವಳ ವ್ಯಾಪಾರವೂ ಚೆನ್ನಾಗಿರಲಿ ಎಂದು ದೇವರ ಮುಂದೆ ಕೈಮುಗಿಯುವಾಗ ಅಂದುಕೊಳ್ಳುತ್ತೇನೆ. ಕೈ ಇಳಿಸಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಮೊದಲು ಅಂಗಡಿ ಇಟ್ಟವಳು ನಾನು. ನಮ್ಮ ಮನೆಯವರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದಾರೆ. ಅವರ ಊಟದ ಡಬ್ಬಿಯಲ್ಲಿದ್ದ ರೊಟ್ಟಿ ತಿಂದ ಅವರ ಜೊತೆಯವರು ನಮಗೂ ಬೇಕು ಎಂದು ಕೇಳಿದ್ದರಿಂದ ಶುರುವಾದ ವ್ಯಾಪಾರ ಇದು. ಅಂಗಡಿ ಅಂತ ಆದ ಮೇಲೆ ಜಾಹೀರಾತು ಬೇಕಲ್ಲ. ನಾನು ಮಾಡದ ಜಾಹೀರಾತಿಲ್ಲ. ಕರಪತ್ರ ಅಚ್ಚು ಹಾಕಿಸಿ ಪೇಪರಿನೊಳಗಿಟ್ಟು ಹಂಚಿಸಿದೆ. ಜನ ಅದನ್ನು ಓದುವ ಮೊದಲೇ ಮಡಚಿ ಅಲುಗಾಡುವ ಮೇಜಿನ ಕಾಲ ಕೆಳಗೆ ಇಟ್ಟುಕೊಂಡರು. ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದೆ. ಮೈಕಿನವನ ಗಂಟಲು ಎಷ್ಟು ಗೊಗ್ಗರಾಗಿತ್ತೆಂದರೆ, ಹೆಂಗಸರು ಮುನಿಸಿಪಾಲಿಟಿಯವರು ನೀರು ಬಿಡುವ ಹೊತ್ತು ಹೇಳುತ್ತಿದ್ದಾರೆಂದುಕೊಂಡು ಬಿಂದಿಗೆ ಹಿಡಿದು ಹೊರಗೆ ಬಂದರಂತೆ. ಒಂದು ವರ್ಷ ಕ್ಯಾಲೆಂಡರ್ ಮಾಡಿಸಿದೆ. ಅದು ಮನೆಮನೆಯ ಗೋಡೆಯ ಮೇಲೆ ವರ್ಷವಿಡೀ ನೇತಾಡಿತು. ಅದನ್ನೇ ನೋಡಿ ಹಬ್ಬ ಯಾವತ್ತು ಅಂತ ತಿಳಿದುಕೊಂಡು, ಹಬ್ಬಕ್ಕೆ ರೊಟ್ಟಿಯನ್ನು ಮಾತ್ರ ಬೇರೆಯವರ ಹತ್ತಿರ ತಂದರು.

ಇಷ್ಟರಲ್ಲಿ ನಾನು ಕಂಡುಕೊಂಡದ್ದೇನೆಂದರೆ, ನಮ್ಮ ಕಡೆಯ ಜನ ನಾವು ಹೇಳಿದ್ದನ್ನು ಕೇಳಿ ಏನನ್ನೂ ಕೊಳ್ಳುವುದಿಲ್ಲ. ಬೇರೆಯವರ ಕೈಯಲ್ಲಿ ನೋಡಬೇಕು. ಬಸ್ಸಿನಲ್ಲಿ ಪಕ್ಕದ ಸೀಟಿನವನು ಪ್ಯಾಕೆಟ್ ಬಿಚ್ಚಿ ಕಟಕ್ಕಂತ ಮುರಿದರೆ, ಆ ಸದ್ದಿಗೆ ಹಿಂದಿನ ಸೀಟಿನವರು ಕುತ್ತಿಗೆ ಚಾಚುತ್ತಾರೆ. ಅದಕ್ಕಿಂತ ದೊಡ್ಡ ಮೈಕು ಇನ್ನೊಂದಿಲ್ಲ. ಆದರೆ ಹಾಗೆ ಬಸ್ಸಿನಲ್ಲಿ ಮುರಿಯುವ ಪ್ಯಾಕೆಟ್ಟು ಯಾವುದು ಎಂದು ನೋಡಿದರೆ, ಹಳದಿ ಬಣ್ಣದ್ದು. ಅವಳದು.

ಆ ಹಳದಿ ಪ್ಯಾಕೆಟ್ಟಿನ ಕಥೆ ಹೇಳಬೇಕು. ಒಂದು ಯುಗಾದಿಗೆ ವಾರಗಿತ್ತಿ ಮೈದುನನ ಜೊತೆ ನಮ್ಮ ಮನೆಗೆ ಬಂದಿದ್ದಳು. ಅತ್ತೆ ಸುಮ್ಮನೆ ಕೂರುವ ಜೀವವಲ್ಲ. ಹಬ್ಬದ ದಿನವೂ ನಾಲ್ಕು ರೊಟ್ಟಿ ತಟ್ಟುತ್ತೇನೆ ಎಂದು ಒಲೆ ಮುಂದೆ ಕೂತರು. ನಾನು ಪಕ್ಕದಲ್ಲಿ ಕೂತು ಹಿಟ್ಟು ನಾದಿ ನಾದಿ ಕೊಡುತ್ತಿದ್ದೆ. ವಾರಗಿತ್ತಿ ಎದುರಿಗೆ ಮೊಬೈಲ್ ಹಿಡಿದು ನಿಂತು, "ಅತ್ತೆಮ್ಮ, ಇಲ್ಲಿ ನೋಡ್ರಿ" ಎಂದಳು. ಅತ್ತೆ ತಲೆಯೆತ್ತಿದರು. ಹಣೆಯ ಮೇಲೆ ಒಂದಿಷ್ಟು ಹಿಟ್ಟು, ಬಾಯಲ್ಲಿ ಅರ್ಧ ನಗು. ಅಷ್ಟೇ. ಒಂದು ತಿಂಗಳು ಕಳೆಯುವುದರೊಳಗೆ ಆ ಮುಖ ಹಳದಿ ಲೇಬಲ್ಲಿನ ಮೇಲೆ ಕೂತಿತ್ತು. ಕೆಳಗೆ 'ನಮ್ಮತ್ತೆ ಕಲಿಸಿದ್ದು' ಎಂದು ಎರಡೇ ಪದ.

ಆ ಫೋಟೋದಲ್ಲಿ ನಾನೂ ಇದ್ದೆ. ನನ್ನನ್ನು ಕತ್ತರಿಸಿ ಹಾಕಿದ್ದಾಳೆ. ಪೂರಾ ಕತ್ತರಿಸಲೂ ಆಗಿಲ್ಲ. ಲೇಬಲ್ಲಿನ ಬಲಗಡೆಯ ಅಂಚನ್ನು ಚೆನ್ನಾಗಿ ನೋಡಿದರೆ ಹಸಿರು ಬಳೆಯ ಚೂರೊಂದು ಕಾಣುತ್ತದೆ. ಅದು ಹಿಟ್ಟು ಕೊಡುತ್ತಿದ್ದ ನನ್ನ ಕೈ. ಯಾರ ಕೈಯಲ್ಲಿ ಆ ಪ್ಯಾಕೆಟ್ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಆ ಅಂಚಿಗೆ.

ಅತ್ತೆಗೆ ಬೆಳಿಗ್ಗೆ ಕಾಫಿ ಕೊಡುವವಳು ನಾನು. ಮೊಣಕಾಲಿಗೆ ಎಣ್ಣೆ ತಿಕ್ಕುವವಳು ನಾನು. ಎಲೆ ಅಡಿಕೆ ಕುಟ್ಟಿ ಕೊಡುವವಳು ನಾನು. ಅವಳು ಮುಖವನ್ನು ಮಾತ್ರ ತೆಗೆದುಕೊಂಡು ಹೋದಳು. ಮೊಬೈಲಿನಲ್ಲಿ ವಿಡಿಯೋ ಬೇರೆ ಹಾಕುತ್ತಾಳೆ. ಹಂಚಿನ ಮೇಲೆ ರೊಟ್ಟಿ ಉಬ್ಬುವುದು, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಮ್ಮತ್ತೆಮ್ಮ ಹಿಂಗೇ ಹೇಳಿಕೊಟ್ಟಿದ್ದು ಕಣ್ರಿ" ಎನ್ನುವುದು. ಚಿತ್ರದುರ್ಗದಿಂದ, ಹಿರಿಯೂರಿನಿಂದ ಮದುವೆ ಆರ್ಡರು ಅವಳಿಗೆ. ನಾನು ಆ ವಿಡಿಯೋಗಳನ್ನೆಲ್ಲ ನೋಡುತ್ತೇನೆ. ಎರಡೆರಡು ಸಲ ನೋಡುತ್ತೇನೆ. ಒಂದಕ್ಕೂ ಲೈಕ್ ಒತ್ತುವುದಿಲ್ಲ. ಅವಳ ರೊಟ್ಟಿಯ ಅಂಚು ದಪ್ಪ, ಅದು ವಿಡಿಯೋದಲ್ಲೇ ಕಾಣುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ನನಗೆ ಬೇಕಿದ್ದದ್ದು ಒಂದೇ ಮಾತು. ಅತ್ತೆ ನಾಲ್ಕು ಜನರ ಮುಂದೆ, 'ನನ್ನ ಕೈ ಬಂದಿರೋದು ದೊಡ್ಡ ಸೊಸೆಗೆ' ಎಂದು ಒಂದು ಸಲ ಹೇಳಬೇಕಿತ್ತು. ಅತ್ತೆ ಹೇಳುವವರಲ್ಲ. ದಿನಾ ನನ್ನ ರೊಟ್ಟಿ ತಿನ್ನುತ್ತಾರೆ, ಹೇಗಿದೆ ಎಂದರೆ, "ಹೂಂ, ಐತೆ" ಎನ್ನುತ್ತಾರೆ. ಹಳದಿ ಪ್ಯಾಕೆಟ್ಟನ್ನು ನಾನು ಅವರ ಕಣ್ಣಿಗೆ ಬೀಳಿಸಿರಲಿಲ್ಲ. ಅದರ ಮೇಲೆ ತಮ್ಮ ಮುಖ ಇದೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ನಾನೇಕೆ ಹೇಳಲಿ?

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಅವಳು ಅಂಗೈಯಗಲ ಲೇಬಲ್ಲಿನಲ್ಲಿ ಅತ್ತೆಯನ್ನು ಹಾಕಿದ್ದಾಳೆ. ನಾನು ಬಾಗಿಲಗಲ ಹಾಕುತ್ತೇನೆ. ಬಸ್ ಸ್ಟ್ಯಾಂಡಿನ ಎದುರು, ಹೊಸದುರ್ಗದ ಬಸ್ಸು ಬಂದು ತಿರುಗುವ ಜಾಗದಲ್ಲೇ ಫ್ಲೆಕ್ಸ್ ಹಾಕಿಸುತ್ತೇನೆ. ಅವಳ ಊರಿನವರೇ ಬಸ್ಸಿನ ಕಿಟಕಿಯಿಂದ ನೋಡಲಿ.

ಅತ್ತೆಗೆ ಇಳಕಲ್ ಸೀರೆ ಉಡಿಸಿ, ತಲೆ ಬಾಚಿ, ಗೋಡೆಗೆ ಒರಗಿಸಿ ಕೂರಿಸಿ ನಾನೇ ಫೋಟೋ ತೆಗೆದೆ.

"ಸ್ವಲ್ಪ ನಗ್ರಿ ಅತ್ತೆ."

"ಹಲ್ಲಿಲ್ಲದ ಬಾಯಾಗ ಏನ್ ನಗಾದು, ಬೇಗ ತೆಗಿ."

ನೆಟ್ಟಗೆ ನೋಡುವ ಮುಖ, ಬಿಗಿದ ತುಟಿ. ನನಗೆ ಅದೇ ಗಂಭೀರವಾಗಿ ಚೆನ್ನಾಗಿದೆ ಅನ್ನಿಸಿತು. ಫ್ಲೆಕ್ಸ್ ಅಂಗಡಿಯಲ್ಲಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಹೇಳಿ ಮಾಡಿಸಿದೆ. ಮುಖ ದೊಡ್ಡದಾಗಿರಲಿ. ಹಿಂದೆ ಬೆಳಕು ಬಂದ ಹಾಗಿರಲಿ, ಕಳೆ ಬರುತ್ತದೆ. ಸುತ್ತ ಹೂವಿರಲಿ. ಎರಡೂ ಕಡೆ ದೀಪ ಇರಲಿ, ಮಂಗಳಕರ. ರೊಟ್ಟಿಯ ಚಿತ್ರ, ಅಂಗಡಿಯ ಹೆಸರು, ಫೋನ್ ನಂಬರು ಎಲ್ಲ ಕೆಳಗಿರಲಿ. ಫ್ಲೆಕ್ಸಿನವನು ಒಮ್ಮೆ ನನ್ನ ಮುಖ ನೋಡಿ, "ಅಮ್ಮಾರೇ, ಹಿಂಗೇ ಇರ್ಲಾ?" ಎಂದು ಕೇಳಿದ. ಹಿಂಗೇ ಇರಲಿ ಎಂದೆ. ಅವನಿಗೂ ನನ್ನ ಬುದ್ಧಿವಂತಿಕೆ ನೋಡಿ ಹೊಟ್ಟೆ ಉರಿಯಿತೇನೋ ಎಂದುಕೊಂಡೆ.

ಬೆಳಿಗ್ಗೆ ಫ್ಲೆಕ್ಸ್ ಕಟ್ಟಿ ಹೋದರು. ನಾನು ನೋಡಿ, ಹಿಗ್ಗಿ, ಬಂದು ಹಿಟ್ಟು ನಾದಲು ಕೂತೆ. ಫೋನು ಒಳಗಿನ ಕೋಣೆಯಲ್ಲಿ ಚಾರ್ಜಿಗಿತ್ತು. ಕೈಯೆಲ್ಲ ಹಿಟ್ಟಾಗಿರುವಾಗ ನಾನು ಫೋನಿನ ತಂಟೆಗೆ ಹೋಗುವುದಿಲ್ಲ. ನಾನು ಬಂದ ಮೇಲೆ ಕಬ್ಬಿನ ಹಾಲಿನವನು ಎಂದಿನಂತೆ ತನ್ನ ಗಾಡಿ ತಂದು ಅದೇ ಜಾಗದಲ್ಲಿ ನಿಲ್ಲಿಸಿದ. ಅವನ ದೊಡ್ಡ ಛತ್ರಿ ಬಿಚ್ಚಿದ. ಫ್ಲೆಕ್ಸಿನ ಕೆಳಗಿನ ಅರ್ಧ, ಅಂದರೆ ರೊಟ್ಟಿ, ಅಂಗಡಿಯ ಹೆಸರು, ನಂಬರು, ಎಲ್ಲವೂ ಛತ್ರಿಯ ಹಿಂದೆ ಹೋಯಿತು. ಮೇಲೆ ಉಳಿದದ್ದು ಅತ್ತೆಯ ಬಿಗಿದ ಮುಖ, ಹಿಂದೆ ಬೆಳಕು, ಸುತ್ತ ಹೂವು, ಎರಡೂ ಕಡೆ ದೀಪ.

ನಮ್ಮೂರಿನಲ್ಲಿ ವಯಸ್ಸಾದವರ ಫೋಟೋ ಬಸ್ ಸ್ಟ್ಯಾಂಡಿನ ಎದುರು ದೊಡ್ಡದಾಗಿ ಕಟ್ಟಿದರೆ ಅದಕ್ಕೆ ಒಂದೇ ಅರ್ಥ. ಅದನ್ನು ಯಾರೂ ಹತ್ತಿರ ಹೋಗಿ ಓದುವುದಿಲ್ಲ. ದೂರದಿಂದಲೇ ನೋಡಿ ಕೈಮುಗಿದು, ಅಯ್ಯೋ ಪಾಪ ಎಂದು, ಫೋನು ಮಾಡುತ್ತಾರೆ. ಜಾಹೀರಾತಿನ ಬಗ್ಗೆ ಅಷ್ಟೆಲ್ಲ ಯೋಚಿಸಿದವಳಿಗೆ ಇದೊಂದು ಹೊಳೆಯಲಿಲ್ಲ ನೋಡಿ. ಆ ಬಸ್ ಸ್ಟ್ಯಾಂಡಿನ ಎದುರು ಅಂಥ ಫ್ಲೆಕ್ಸ್ ಕಂಡು ನಾನೇ ಎಷ್ಟು ಸಲ ಕೈಮುಗಿದಿದ್ದೇನೆ.

ಮೊದಲು ಬಂದವರು ರಾಮಗಿರಿಯ ಮಾವ, ಅತ್ತೆಯ ಸ್ವಂತ ತಮ್ಮ. ಹೆಂಡತಿಯ ಜೊತೆ ಆಟೋದಿಂದ ಇಳಿದರು, ಕೈಯಲ್ಲಿ ಸೇವಂತಿಗೆ ಹಾರ. ಅಂಗಡಿಯ ಕಟ್ಟೆಯ ಮೇಲೆ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ತಲೆ ತಗ್ಗಿಸಿಕೊಂಡು ಬಂದ ಮಾವ ಕಟ್ಟೆಯ ಹತ್ತಿರ ಬರುವವರೆಗೂ ಅವರನ್ನು ನೋಡಲಿಲ್ಲ.

"ಯಾರಿಗಲೇ ಹಾರ? ಯಾರು ಹೋದ್ರೋ?" ಎಂದರು ಅತ್ತೆ.

ಮಾವ ತಲೆಯೆತ್ತಿದರು. ಹಾರ ಕೈಯಿಂದ ಜಾರಿತು. ಅವರ ಹೆಂಡತಿ ಅಳಲು ಅಂತ ಬಾಯಿ ತೆರೆದಿದ್ದವರು ಅದನ್ನು ಹಾಗೇ ತೆರೆದಿಟ್ಟುಕೊಂಡು ನಿಂತುಬಿಟ್ಟರು. ನಾನು ಹೊರಗೆ ಓಡಿ ಬಂದೆ. ಅಷ್ಟರಲ್ಲಿ ಬಿ.ದುರ್ಗದ ಚಿಕ್ಕಮ್ಮನವರ ಮನೆಯವರು ಒಂದು ಗೂಡ್ಸ್ ಗಾಡಿಯಲ್ಲಿ ಬಂದಿಳಿದರು. ಹಿಂದೆಯೇ ಜೊತೆಯವನ ಬೈಕಿನಲ್ಲಿ ನಮ್ಮ ಮನೆಯವರು. ಬೆಳಿಗ್ಗೆ ಅವ್ವನ ಕೈಯಿಂದಲೇ ಡಬ್ಬಿ ಇಸಿದುಕೊಂಡು ಹೋದ ಮನುಷ್ಯ, ಕೆಲಸದ ನಡುವೆ ಯಾರೋ ಬಂದು ಹೇಳಿದ್ದಕ್ಕೆ ಓಡಿ ಬಂದಿದ್ದರು. ಅವ್ವನನ್ನು ನೋಡಿ ಕಟ್ಟೆಯ ಮೇಲೆ ಕೂತು ನೀರು ಕೇಳಿದರು.

ವಿಷಯ ಗೊತ್ತಾದ ಮೇಲೆ ಅತ್ತೆ ಸಿಟ್ಟು ಮಾಡಿಕೊಳ್ಳಲಿಲ್ಲ. ಅವರಿಗೆ ಖುಷಿಯೇ ಆಯಿತು.

"ಸತ್ರೆ ಯಾರ್‍ಯಾರು ಬರ್ತೀರಿ ಅಂತ ಇವತ್ತೇ ಗೊತ್ತಾತು ಬಿಡು. ಕುಂತ್ಕಳ್ರಿ, ಕುಂತ್ಕಳ್ರಿ. ಹಾರ ಯಾಕೆ ಅಲ್ಲಿ ಬಿಸಾಕಿದ್ಯೋ, ಇತ್ಲಾಗೆ ಕೊಡು" ಎಂದು ಹಾರ ತೆಗೆದುಕೊಂಡು ಪಕ್ಕದಲ್ಲಿ ಇಟ್ಟುಕೊಂಡರು.

ನಗುವುದೋ ನಾಚುವುದೋ ಎಂದು ನಾನಿನ್ನೂ ಲೆಕ್ಕ ಹಾಕುತ್ತಿದ್ದೆ. ಆಗ ಬಂದವರು ಬುತ್ತಿ ಬಿಚ್ಚಿದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬರುವ ನೆಂಟರೇ ಊಟ ಕಟ್ಟಿಕೊಂಡು ಬರಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಅವಸರದಲ್ಲಿ ಹೊರಟವರು, ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೂರಲು ಹೊತ್ತೆಲ್ಲಿ? ಪಲ್ಯ, ಸಾರು ಮಾತ್ರ ಮನೆಯದು. ರೊಟ್ಟಿ ಅಂಗಡಿಯಿಂದ ತಂದಿದ್ದರು. ರಾಮಗಿರಿಯ ಮಾವನ ಹೆಂಡತಿ ಚೀಲದಿಂದ ಪ್ಯಾಕೆಟ್ ತೆಗೆದರು. ಹಳದಿ. ಬಿ.ದುರ್ಗದ ಚಿಕ್ಕಮ್ಮ ತೆಗೆದರು. ಹಳದಿ. ನಮ್ಮ ಮನೆಯವರನ್ನು ಬೈಕಿನಲ್ಲಿ ಕರೆತಂದ ರೈಲ್ವೆಯವನು, ನನ್ನ ರೊಟ್ಟಿಯಿಂದಲೇ ಈ ವ್ಯಾಪಾರ ಹುಟ್ಟಿಸಿದವರಲ್ಲಿ ಒಬ್ಬ, ಬೈಕಿನ ಡಬ್ಬಿ ತೆಗೆದು ಒಂದು ಪ್ಯಾಕೆಟ್ ಹೊರಗಿಟ್ಟ. ಅದೂ ಹಳದಿ.

ನನ್ನ ಕಟ್ಟೆಯ ಮೇಲೆ, ನನ್ನ ಅಂಗಡಿಯ ಮುಂದೆ, ಅತ್ತೆಯ ಮುಖಗಳು ಸಾಲಾಗಿ ಕೂತವು. ನನ್ನ ಮೈಯೆಲ್ಲ ಉರಿದುಹೋಯಿತು.

"ನಮ್ಮ ಅಂಗಡಿ ಇರುವಾಗ ಇದ್ಯಾಕೆ ತಂದ್ರಿ?" ಎಂದು ಕೇಳಿಯೇಬಿಟ್ಟೆ.

"ನಿಮ್ಮನೇಲಿ ಸೂತಕ ಅಲ್ವೇನವ್ವ, ಅಂಗಡಿ ತೆಗೆದಿರ್ತೀರಾ?" ಎಂದು ಮಾವ ಏನೋ ಸಮಾಧಾನ ಹೇಳಲು ಹೋದರು. ಅವರ ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. "ನಾವು ಯಾವಾಗ್ಲೂ ಇದೇ ತಗಳ್ಳದು. ಅಕ್ಕಯ್ಯನ ಫೋಟೋ ಐತಲ್ಲ, ನಮ್ಮವರದು ಅಂತ ಅನ್ನಿಸ್ತದೆ" ಎಂದರು. ಅವರಿಗೆ ನನ್ನನ್ನು ಚುಚ್ಚಬೇಕೆಂದೇನೂ ಇರಲಿಲ್ಲ. ಅದಕ್ಕೇ ಆಳಕ್ಕೆ ಹೋಯಿತು.

ಅತ್ತೆ ಒಂದು ಪ್ಯಾಕೆಟ್ಟನ್ನು ಕೈಗೆತ್ತಿಕೊಂಡು ಕಣ್ಣ ಹತ್ತಿರ ಹಿಡಿದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು.

"ಇದು ನಾನಲ್ಲೇನವ್ವ?"

ಎಲ್ಲರೂ ನನ್ನ ಕಡೆ ನೋಡಿದರು.

"ನೀವೇ" ಎಂದೆ.

"ಎಷ್ಟು ಚೆಂದಾಗಿ ಬಂದೀನಿ ನೋಡು. ನೀನು ತೆಗೆದದ್ದು ಸತ್ತೋರ ಥರ ಬಂದೈತೆ, ಜನ ಹೆದರದೆ ಏನ್ ಮಾಡ್ತಾರೆ" ಎಂದು ಆ ಪ್ಯಾಕೆಟ್ಟನ್ನು ಸೆರಗಿನಿಂದ ಒರೆಸಿದರು.

ಇದಾಗುತ್ತಿರುವಾಗಲೇ ಬೀದಿಯ ತುದಿಯಿಂದ ಅಳುವ ದನಿ ಕೇಳಿಸಿತು. ವಾರಗಿತ್ತಿ ಹೊಸದುರ್ಗದ ಬಸ್ಸಿಳಿದು ಬರುತ್ತಿದ್ದಳು. ಕಾಲಿನಲ್ಲಿ ಚಪ್ಪಲಿ ಇಲ್ಲ. ಮೊಣಕೈವರೆಗೆ ಒಣಗಿದ ಹಿಟ್ಟು. ತಲೆ ಬಿಚ್ಚಿಹೋಗಿದೆ. "ಅತ್ತೆಮ್ಮಾ, ನನ್ನ ಬಿಟ್ಟೋದ್ಯಲ್ಲೇ ಅತ್ತೆಮ್ಮಾ" ಎಂದು ಕೂಗಿಕೊಂಡು ಬರುತ್ತಿದ್ದರೆ ಗೊಬ್ಬರದಂಗಡಿಯವರು, ಮೊಬೈಲಿನವರು, ಕಬ್ಬಿನ ಹಾಲು ಕುಡಿಯುತ್ತಿದ್ದವರು ಎಲ್ಲ ಎದ್ದು ನಿಂತರು. ಕೆಲವರು ಕಣ್ಣೊರೆಸಿಕೊಂಡರು. ಅಳುವುದರಲ್ಲೂ ಅವಳು ನನಗಿಂತ ಮುಂದೆ. ನಿಜವಾಗಿಯೂ ಅತ್ತೆ ಹೋದರೆ ನನಗೆ ಹೀಗೆ ಅಳಲು ಬರುತ್ತದೋ ಇಲ್ಲವೋ ಎಂಬ ಯೋಚನೆ ಬಂತು. ನನಗೆ ದುಃಖವಾದರೆ ಗಂಟಲು ಕಟ್ಟುತ್ತದೆ, ಸದ್ದು ಬರುವುದಿಲ್ಲ. ಸದ್ದಿಲ್ಲದ ಅಳುವನ್ನು ಯಾರು ನೋಡುತ್ತಾರೆ?

ಅವಳು ಅತ್ತೆಯನ್ನು ನೋಡಿದಳು. ನಿಂತಲ್ಲೇ ಕುಸಿದು ಅವರ ಎರಡೂ ಕಾಲು ಹಿಡಿದುಕೊಂಡಳು. ಬಿಡಲೇ ಇಲ್ಲ.

"ಲೇ, ಬಿಡೇ, ಮೊಣಕಾಲು ನೋಯ್ತದೆ" ಎಂದರು ಅತ್ತೆ. ಅಂದರೂ ಕೈಯನ್ನು ಅವಳ ತಲೆಯ ಮೇಲಿಟ್ಟರು. ನಾನು ಆ ಕೈಯನ್ನೇ ನೋಡುತ್ತಿದ್ದೆ.

"ಅಕ್ಕ, ಎಷ್ಟು ಸಲ ಫೋನ್ ಮಾಡಿದೆ, ನೀನು ತೆಗೀಲೇ ಇಲ್ಲ. ಅದಕ್ಕೇ ನಿಜ ಅಂದ್ಕಂಡೆ" ಎಂದು ನನ್ನ ಕಡೆ ತಿರುಗಿ ಬಿಕ್ಕಿದಳು. ಇನ್ನೊಂದು ಗಳಿಗೆ ಕಳೆದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ಅಕ್ಕ, ನಾಳೆ ಹಿರಿಯೂರಾಗೆ ಮದ್ವೆ ಐತೆ. ಅವರ ರೊಟ್ಟಿ."

ಹಿರಿಯೂರಿನ ದೊಡ್ಡ ಮದುವೆಯೊಂದರ ಊಟಕ್ಕೆ ಅವಳೇ ರೊಟ್ಟಿ ಕಳಿಸಬೇಕಿತ್ತು. ಸುದ್ದಿ ಬಂದ ಕೂಡಲೇ ಉರಿಯುತ್ತಿದ್ದ ಒಲೆಗಳಿಗೆಲ್ಲ ನೀರು ಸುರಿದಿದ್ದಳು. ಆವತ್ತು ತಟ್ಟಿಟ್ಟಿದ್ದನ್ನೆಲ್ಲ ಕೆಲಸದವರಿಗೆ ಹಂಚಿ ಮನೆಗೆ ಕಳಿಸಿದ್ದಳು. "ಸೂತಕದ ಕೈಲಿ ಮದ್ವೆ ಮನೆಗೆ ಹೆಂಗೆ ಕೊಡ್ಲಿ?" ಎಂದಳು. ಹಿರಿಯೂರಿನವರಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಇನ್ನೂ ಹೇಳಿರಲಿಲ್ಲ. ಈಗ ಸೂತಕವೂ ಇಲ್ಲ, ರೊಟ್ಟಿಯೂ ಇಲ್ಲ, ಒಲೆಗಳು ನೆನೆದು ಕೂತಿವೆ.

ಎಲ್ಲರೂ ಮತ್ತೆ ನನ್ನ ಕಡೆ ನೋಡಿದರು. ನನ್ನ ಒಲೆಗಳು ಉರಿಯುತ್ತಿದ್ದವು. ನನ್ನ ಹಿಟ್ಟು ನಾದಿ ಸಿದ್ಧವಾಗಿತ್ತು. ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವಳ ಹೆಸರು ಹಿರಿಯೂರಿನಲ್ಲಿ ಮಣ್ಣುಪಾಲಾಗುತ್ತಿತ್ತು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅತ್ತೆ ಎದ್ದು ಸೆರಗು ಸಿಕ್ಕಿಸಿಕೊಂಡು, "ಅಳಾಕೆ ಅಂತ ಬಂದಿದ್ದೀರಲ್ಲ, ಬರ್ರಿ ಎಲ್ಲರೂ, ತಟ್ಟಾಣ" ಎಂದು ಒಳಗೆ ನಡೆದರು.

ಸಾವಿಗೆ ಬಂದವರು ಮದುವೆಯ ರೊಟ್ಟಿ ತಟ್ಟಲು ಕೂತರು. ರಾಮಗಿರಿಯ ಮಾವ ಒಲೆಗೆ ಸೌದೆ ಹಾಕಿದರು. ಬಿ.ದುರ್ಗದ ಹೆಂಗಸರು ಹಿಟ್ಟು ನಾದಿದರು. ನಾನು ತಟ್ಟಿದೆ. ಅಷ್ಟು ತೆಳ್ಳಗೆ ಹಿಂದೆಂದೂ ತಟ್ಟಿರಲಿಲ್ಲ. ಪಕ್ಕದಲ್ಲಿ ಅವಳು ತಟ್ಟುತ್ತಿದ್ದಳಲ್ಲ, ಅವಳ ದಪ್ಪ ಅಂಚಿನ ಪಕ್ಕದಲ್ಲಿ ನನ್ನದು ಕಾಣಲಿ ಎಂದೇ ತಟ್ಟಿದೆ. ಅವಳು ಕೆಲ ಹೊತ್ತು ನೋಡಿ, "ನೀನೇ ತಟ್ಟು ಅಕ್ಕ, ನಾನು ಬೇಯಿಸ್ತೀನಿ" ಎಂದು ಹಂಚಿನ ಮುಂದೆ ಹೋಗಿ ಕೂತಳು. ಅವಳಿಗೂ ಗೊತ್ತಿತ್ತು ಎಂದಾಯಿತು. ಅದನ್ನು ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ನನಗೆ ಇನ್ನೂ ಕಿರಿಕಿರಿ ಮಾಡಿತು.

ಸುದ್ದಿ ಬಂದಾಗ ಊರಲ್ಲಿರದಿದ್ದ ಮೈದುನ, ವಾರಗಿತ್ತಿ ಫೋನು ಮಾಡಿ ಎಲ್ಲ ಹೇಳಿದ ಮೇಲೆ ಸಂಜೆಗೆ ಗಾಡಿ ತೆಗೆದುಕೊಂಡು ಬಂದ, ಹಳದಿ ಕವರುಗಳ ಕಟ್ಟು ಕೂಡ ತಂದಿದ್ದ. ನನ್ನ ಕವರು ಜೋಳದ ತೆನೆಯ ಚಿತ್ರ ಇರುವುದು. ಅದರದೊಂದು ಕಟ್ಟನ್ನು ನಾನೂ ತಂದು ಅದರ ಪಕ್ಕದಲ್ಲಿಟ್ಟೆ. "ಯಾವುದಕ್ಕೆ ತುಂಬೋದು?" ಎಂದೆ. ವಾರಗಿತ್ತಿ ತಲೆ ತಗ್ಗಿಸಿದಳು. ಮೈದುನ ಗಾಡಿಯ ಟೈರು ನೋಡಲು ಹೋದ. ಅತ್ತೆ ಎರಡನ್ನೂ ಎತ್ತಿ ನೋಡಿ, ತೆನೆಯನ್ನು ಕೆಳಗಿಟ್ಟು, "ನಾನಿರದ್ರಾಗೆ ತುಂಬ್ರಿ" ಎಂದರು.

ಹೀಗೆ ನನ್ನ ರೊಟ್ಟಿ ಅವಳ ಕವರಿನಲ್ಲಿ ಹಿರಿಯೂರಿಗೆ ಹೋಯಿತು.

ಮದುವೆಯಾದ ಮಾರನೆಯ ದಿನ ಅವಳ ಹೊಸ ವಿಡಿಯೋ ಬಂತು. ಹಿರಿಯೂರಿನ ಬೀಗರೊಬ್ಬರು ರೊಟ್ಟಿ ಮುರಿದು, ಇಷ್ಟು ತೆಳುವಾದ ರೊಟ್ಟಿ ಇದುವರೆಗೂ ತಿಂದೇ ಇಲ್ಲ, ಹೊಸದುರ್ಗದವರ ಕೈಗೆ ಬಂಗಾರದ ಬಳೆ ಹಾಕಬೇಕು ಎಂದು ಹೊಗಳಿದರು. ಜನ ಕೆಳಗೆ ಹೂವು, ಕೈಮುಗಿಯುವ ಗುರುತು, ಹೃದಯದ ಗುರುತು ಸುರಿದಿದ್ದರು. ನನ್ನ ರೊಟ್ಟಿಯನ್ನು ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಮೂರು ಸಲ ನೋಡಿದೆ. ಕೊನೆಯಲ್ಲಿ ವಾರಗಿತ್ತಿ ಬಂದು, "ಈ ಸಲದ್ದು ತಟ್ಟಿದ್ದು ನಮ್ಮಕ್ಕ ಕಣ್ರಿ, ಹೊಳಲ್ಕೆರೇಲಿ ಅದಾರೆ" ಎಂದು ಹೇಳಿದ್ದಳು. ಹೇಳಬೇಕಾದ ಅಗತ್ಯ ಅವಳಿಗಿರಲಿಲ್ಲ. ಹೇಳದೆ ಇದ್ದಿದ್ದರೆ ನಾನು ನೆಮ್ಮದಿಯಾಗಿ ಬೈದುಕೊಂಡಾದರೂ ಇರುತ್ತಿದ್ದೆ.

ಫ್ಲೆಕ್ಸನ್ನು ಬಿಚ್ಚಿಸಿ ತಂದೆವು. ಬದುಕಿರುವವರದು ಹಾಗೆ ತೂಗುಬಿಡಬಾರದು ಎಂದು ನಮ್ಮ ಮನೆಯವರು ಹೆದರಿದರು. ಬಿಸಾಡಲು ಅತ್ತೆ ಬಿಡಲಿಲ್ಲ. ಗಟ್ಟಿ ಐತೆ, ಹಾಳು ಮಾಡ್ಬೇಡ್ರಿ ಎಂದು ಅಂಗಳದಲ್ಲಿ ಹಾಸಿ ತಮ್ಮ ಮುಖದ ಮೇಲೆಯೇ ಒಣಮೆಣಸಿನಕಾಯಿ ಹರವಿದರು. ಈಗಲೂ ಮೆಣಸಿನಕಾಯಿ ಒಣಗುವುದು ಅದರ ಮೇಲೆಯೇ. ಹಳದಿ ಪ್ಯಾಕೆಟ್ಟಿನ ಖಾಲಿ ಕವರೊಂದನ್ನು ಮಾತ್ರ ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ. ತೋರಿಸಿದಾಗಲೆಲ್ಲ ನಾನು ಆ ಬಳೆಯ ಚೂರನ್ನು ನೋಡುತ್ತೇನೆ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಚಿಕ್ಕಜಾಜೂರಿನವರೊಬ್ಬರು ಅಂಗಡಿಯ ಮುಂದೆ ಬೈಕು ನಿಲ್ಲಿಸಿದರು. ವರ್ಷಗಳಿಂದ ಇದೇ ಬೀದಿಯಲ್ಲಿ ಓಡಾಡುವ ಮುಖ. ಗೊಬ್ಬರದಂಗಡಿಗೆ ಬರುತ್ತಾರೆ, ನನ್ನ ಅಂಗಡಿಯ ನೆರಳಿನಲ್ಲಿ ಬೈಕು ನಿಲ್ಲಿಸುತ್ತಾರೆ, ಒಂದು ದಿನವೂ ಒಳಗೆ ಕಣ್ಣು ಹಾಯಿಸಿದವರಲ್ಲ. ಆವತ್ತು ಮೊಬೈಲನ್ನು ಕೈಯಲ್ಲಿ ಹಿಡಿದು, ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

"ಅಮ್ಮಾರೇ, ಹೊಸದುರ್ಗದೋರ ರೊಟ್ಟಿ ಅಂಗಡಿ ಬ್ರಾಂಚು ಇದೇ ಏನ್ರಿ?"

ಉರಿ ಹೊಟ್ಟೆಯಿಂದ ಎದ್ದು ಕಿವಿಯವರೆಗೂ ಬಂತು. ಮೊದಲು ಅಂಗಡಿ ಇಟ್ಟವಳು ನಾನು, ಅವಳಿಗೆ ಹಿಟ್ಟು ಹದ ಮಾಡುವುದನ್ನು ತೋರಿಸಿದವಳು ನಾನು, ಆ ವಿಡಿಯೋದಲ್ಲಿರುವ ರೊಟ್ಟಿ ನನ್ನದು. ಇದನ್ನೆಲ್ಲ ಹೇಳಲು ಬಾಯಿ ತೆರೆದೆ. ಆದರೆ ಆ ಮನುಷ್ಯನ ಕೈಯಲ್ಲಿ ದೊಡ್ಡ ಚೀಲವಿತ್ತು.

"ಹೌದ್ರಿ, ಬ್ರಾಂಚೇ. ಎಷ್ಟು ಕೊಡ್ಲಿ?" ಎಂದೆ.

ಅಷ್ಟರಲ್ಲಿ ಅವರಿಗೆ ಕಟ್ಟೆಯ ಮೇಲಿದ್ದ ಅತ್ತೆ ಕಂಡರು. "ಅರೆ, ಪ್ಯಾಕೆಟ್ ಮೇಲಿರೋ ಅಮ್ಮ!" ಎಂದರು. ಅತ್ತೆ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನು ಕೇಳಿದರು.

"ಬ್ರಾಂಚು ಅಂದ್ರೆ ಏನೇ?"

"ಇನ್ನೊಂದು ಅಂಗಡಿ. ಅವಳದು ದೊಡ್ಡದು, ನಮ್ದು ಸಣ್ಣದು ಅಂತ" ಎಂದು ನಾನು ರೊಟ್ಟಿ ಎಣಿಸುತ್ತಾ ಅವರ ಮುಖ ನೋಡದೆ ಹೇಳಿದೆ.

"ಅದೆಂಗೆ ಆಗ್ತದೆ?" ಎಂದರು ಅತ್ತೆ ಆ ಗಿರಾಕಿಯ ಕಡೆ ತಿರುಗಿ. "ನಾನಿರದು ಇಲ್ಲಿ. ನನ್ನ ಕೈ ಬಂದಿರದು ಇವಳಿಗೆ. ಆ ಹುಡುಗೀದು ಅಂಚು ದಪ್ಪ ಬರ್ತದೆ, ಎಷ್ಟು ಹೇಳಿದ್ರೂ ಕಲೀಲಿಲ್ಲ. ಇದು ಬ್ರಾಂಚು ಆಗಾದು ಹೆಂಗೆ? ಅದೇ ಬ್ರಾಂಚು."

ನನ್ನ ಕೈ ನಿಂತುಹೋಯಿತು. ಇಷ್ಟು ವರ್ಷ ಕಿವಿ ಚಾಚಿಕೊಂಡು ಕಾದಿದ್ದ ಮಾತು. ಗಂಟಲು ಕಟ್ಟಿತು, ಸದ್ದು ಬರಲಿಲ್ಲ. ಗಿರಾಕಿ ಹೂಂಗುಟ್ಟಿ, ರೊಟ್ಟಿ ಚೀಲಕ್ಕೆ ಹಾಕಿಕೊಂಡು, ಬೈಕು ಹತ್ತಿ ಹೋದರು. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅತ್ತೆ, ಅದನ್ನ ಇನ್ನೊಂದ್ಸಲ ಹೇಳ್ರಿ, ವಿಡಿಯೋ ಮಾಡ್ಕಂತೀನಿ" ಎಂದೆ.

"ಏನನ್ನ?" ಎಂದು ಅವರು ಮತ್ತೆ ಬೆಳ್ಳುಳ್ಳಿ ಸುಲಿಯಲು ಶುರುಮಾಡಿದರು. ನನ್ನ ಫೋನು ಒಳಗೆ ಚಾರ್ಜಿಗಿತ್ತು.